ನನ್ನ ಗುಣ ತಿದ್ದುವುದಕ್ಕೆ ದೇವರು ಅತ್ತೆಯನ್ನು ಹಾಸಿಗೆಗೆ ಹಾಕಿದನೇ?

ಉದ್ಯಾವರದ ಸೊಸೆ (ಭಾನುವಾರ, ರಾತ್ರಿ 10:52)

ಎಲ್ಲರಿಗೂ ವಂದನೆಗಳು. ಎರಡು ವರ್ಷಗಳಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನ್ನ ಅತ್ತೆಗೆ 74 ವರ್ಷ. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ. ಗಂಡ ಕುವೈತಿನಲ್ಲಿದ್ದಾರೆ. ಶಾಲೆಯ ಕೆಲಸ ಬಿಟ್ಟು ಹನ್ನೊಂದು ತಿಂಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ರಾತ್ರಿಯೂ ಅಲಾರಾಂ ಇಟ್ಟುಕೊಂಡೇ ಮಲಗುತ್ತೇನೆ.

ಕಳೆದ ಬುಧವಾರ ನಮ್ಮ ಮನೆಯಲ್ಲಿ ಪ್ರಾರ್ಥನಾಕೂಟವಿತ್ತು. ಮುಗಿದ ಮೇಲೆ ಹಿರಿಯರೊಬ್ಬರು ಅತ್ತೆಯ ಮಂಚದ ಪಕ್ಕದಲ್ಲಿಯೇ ನಿಂತು, ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದರು: "ಕರ್ತನು ನಿನ್ನನ್ನು ರೂಪಿಸುತ್ತಿದ್ದಾನೆ ಮಗಳೇ. ನಿನಗೆ ತಾಳ್ಮೆ ಕಡಿಮೆಯಿತ್ತು, ಅದನ್ನು ಕಲಿಸುವುದಕ್ಕೇ ಇದನ್ನು ಕೊಟ್ಟಿದ್ದಾನೆ." ಅತ್ತೆಗೆ ಮಾತು ಬರುವುದಿಲ್ಲ, ಆದರೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ನಾನು ತಿರುಗಿ ನೋಡಿದಾಗ ಕಣ್ಣೀರು ಕಿವಿಯ ಕಡೆಗೆ ಇಳಿದು ದಿಂಬು ಒದ್ದೆಯಾಗಿತ್ತು.

ಅಂದಿನಿಂದ ನನಗೆ ಪ್ರಾರ್ಥಿಸಲು ಆಗುತ್ತಿಲ್ಲ. ನನಗೆ ಪಾಠ ಕಲಿಸುವುದಕ್ಕೆ ಇನ್ನೊಂದು ಜೀವವನ್ನು ಹೀಗೆ ಮಲಗಿಸುವ ದೇವರನ್ನು ನಾನು ಹೇಗೆ ನಂಬಲಿ? ಇನ್ನೂ ಒಂದು ಮಾತಿದೆ. ಶುಕ್ರವಾರ ಬೆಳಿಗ್ಗೆ ಅತ್ತೆ ಎಡಗೈಯಿಂದ ಗಂಜಿಯ ಬಟ್ಟಲನ್ನು ತಳ್ಳಿದರು. ಆಗಷ್ಟೇ ಬದಲಿಸಿದ ಹಾಸಿಗೆ ಬಟ್ಟೆಯೆಲ್ಲ ಗಂಜಿ. ನಾನು ಕೂಗಾಡಿದೆ, ಆಡಬಾರದ ಮಾತನ್ನು ಆಡಿದೆ. ಹನ್ನೊಂದು ತಿಂಗಳಲ್ಲಿ ನನ್ನ ಗುಣ ರೂಪುಗೊಂಡಿಲ್ಲ, ಕೆಟ್ಟಿದೆ.

ಹಳೆಯ ಮಾಸ್ತರ್ (ಭಾನುವಾರ, ರಾತ್ರಿ 11:20)

ಸಹೋದರಿ, ಧೈರ್ಯ ತಂದುಕೊಳ್ಳಿ. ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಗುಣದ ಗಟ್ಟಿತನ, ಅದರಿಂದ ನಿರೀಕ್ಷೆ ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಯಾಕೋಬನ ಪತ್ರ ಶುರುವಾಗುವುದೇ ಈ ಮಾತಿನಿಂದ. ದೇವರು ನಮ್ಮ ಶಕ್ತಿ ಮೀರಿದ ಭಾರವನ್ನು ಯಾರ ಮೇಲೂ ಹೊರಿಸುವುದಿಲ್ಲ.

ಕಲ್ಯಾಣಪುರದವ (ಭಾನುವಾರ, ರಾತ್ರಿ 11:31)

ಮಾಸ್ತರರೇ, ಕ್ಷಮಿಸಿ, ಕೊನೆಯ ವಾಕ್ಯ ಬೈಬಲಿನಲ್ಲಿ ಇಲ್ಲ. 1 ಕೊರಿಂಥ 10:13 ಹೇಳುವುದು ಪಾಪಕ್ಕೆ ಎಳೆಯುವ ಶೋಧನೆಯ ಬಗ್ಗೆ, ಬದುಕಿನ ಎಲ್ಲ ಭಾರಗಳ ಬಗ್ಗೆ ಅಲ್ಲ. ಅದೇ ಪೌಲನು 2 ಕೊರಿಂಥ 1:8ರಲ್ಲಿ ತನ್ನ ಮೇಲೆ ಶಕ್ತಿ ಮೀರಿದ ಭಾರ ಬಿತ್ತು, ಬದುಕುವ ಆಸೆಯೇ ಹೋಯಿತು ಎಂದು ಬರೆದಿದ್ದಾನೆ. ಹನ್ನೊಂದು ತಿಂಗಳು ನಿದ್ದೆಗೆಟ್ಟವರಿಗೆ "ಇದು ನಿಮ್ಮ ಶಕ್ತಿಯೊಳಗೇ ಇದೆ" ಎಂದರೆ ಅವರು ತಮ್ಮನ್ನೇ ಶಪಿಸಿಕೊಳ್ಳುತ್ತಾರೆ.

ಇನ್ನು ಪಾರ್ಶ್ವವಾಯು ಬಂದದ್ದು ರಕ್ತನಾಳದ ತೊಂದರೆಯಿಂದ. ದೇವರು ಸ್ವರ್ಗದಲ್ಲಿ ಕುಳಿತು ಸೊಸೆಗಾಗಿ ಅತ್ತೆಯ ಮೆದುಳಿಗೆ ಕೈಹಾಕಿದ ಎಂದು ನಾನು ಎಂದಿಗೂ ಒಪ್ಪುವುದಿಲ್ಲ.

ಹಳೆಯ ಮಾಸ್ತರ್ (ಭಾನುವಾರ, ರಾತ್ರಿ 11:48)

ವಚನದ ವಿಷಯದಲ್ಲಿ ನೀವು ಹೇಳಿದ್ದು ಸರಿ, ತಿದ್ದಿಕೊಳ್ಳುತ್ತೇನೆ. ಆದರೆ ಗುಬ್ಬಿಯೊಂದು ನೆಲಕ್ಕೆ ಬೀಳುವುದೂ ತಂದೆಯ ಚಿತ್ತದ ಹೊರಗೆ ಅಲ್ಲ ಎಂದು ಯೇಸುವೇ ಹೇಳಿದ್ದಾನಲ್ಲ? ರೋಗವನ್ನು ದೇವರ ಕೈಯಿಂದ ಪೂರ್ತಿ ಹೊರಗಿಟ್ಟರೆ ನಾವು ಪ್ರಾರ್ಥಿಸುವುದಾದರೂ ಯಾರಿಗೆ?

ಮಲ್ಪೆ ಬಂದರು (ಸೋಮವಾರ, ಬೆಳಿಗ್ಗೆ 5:10)

ನನಗೆ ಹನ್ನೆರಡು ವರ್ಷವಾಗಿದ್ದಾಗ ಅಪ್ಪ ದೋಣಿ ಮಗುಚಿ ತೀರಿಕೊಂಡರು. ಶವ ಸಿಕ್ಕಿದ್ದು ಮೂರನೆಯ ದಿನ. ಸಮಾಧಿಯ ಬಳಿ ಒಬ್ಬರು ನನ್ನ ಭುಜ ತಟ್ಟಿ, ಇದರಿಂದ ನೀನು ಗಟ್ಟಿಯಾಗುತ್ತೀ ಎಂದರು. ಆಮೇಲೆ ಒಂಬತ್ತು ವರ್ಷ ನಾನು ದೇವಾಲಯದ ಮೆಟ್ಟಿಲು ಹತ್ತಲಿಲ್ಲ.

ನನ್ನನ್ನು ಮರಳಿ ಕರೆತಂದವರು ಅಪ್ಪನ ಜೊತೆಗಾರರೊಬ್ಬರು. ಮಳೆಗಾಲದಲ್ಲಿ ದೋಣಿಗಳು ದಡ ಸೇರಿದಾಗ ನಮ್ಮ ಜಗಲಿಗೆ ಬಂದು ಕುಳಿತುಕೊಳ್ಳುತ್ತಿದ್ದರು. ಹರಿದ ಬಲೆಯ ಒಂದು ತುದಿ ಅವರ ಕಾಲ ಹೆಬ್ಬೆರಳಿಗೆ, ಇನ್ನೊಂದು ತುದಿ ನನ್ನ ಕಾಲ ಹೆಬ್ಬೆರಳಿಗೆ. ಇಬ್ಬರೂ ಹೆಣೆಯುತ್ತಿದ್ದೆವು. ದೇವರ ಮಾತನ್ನು ಅವರು ಎತ್ತಲಿಲ್ಲ. ಮೂರನೆಯ ಮಳೆಗಾಲದಲ್ಲಿ ನಾನೇ ಕೇಳಿದೆ, ನೀವು ಭಾನುವಾರ ಎಲ್ಲಿಗೆ ಹೋಗುತ್ತೀರಿ ಎಂದು.

ಬಲ್ಮಠ ಗುಡ್ಡೆ (ಸೋಮವಾರ, ಬೆಳಿಗ್ಗೆ 7:35)

ಮಲ್ಪೆಯ ಸಹೋದರರು ಬರೆದದ್ದನ್ನು ಓದಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಗ್ರಂಥದ 2ನೇ ಅಧ್ಯಾಯ ನೆನಪಾಯಿತು. ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕುಳಿತರು. ಆ ತನಕ ಅವರು ಒಳ್ಳೆಯ ಗೆಳೆಯರೇ. ಆಮೇಲೆ ಬಾಯಿ ತೆರೆದು ಕಷ್ಟಕ್ಕೆ ಕಾರಣ ಹೇಳಲು ಹೊರಟರು. ಕೊನೆಗೆ ದೇವರಿಗೆ ಕೋಪ ಬಂದದ್ದು ಯೋಬನ ಮೇಲಲ್ಲ, ಅವರ ಮೇಲೆ. ದೇವರೊಂದಿಗೆ ಜಗಳವಾಡಿದ ಯೋಬನೇ ಸರಿಯಾಗಿ ಮಾತಾಡಿದ್ದಾನೆ ಎಂಬ ತೀರ್ಪು 42:7ರಲ್ಲಿದೆ.

ಉದ್ಯಾವರದ ಸಹೋದರಿ, ನಿಮ್ಮ ಪ್ರಶ್ನೆಯನ್ನು ಶಿಷ್ಯರು ಯೋಹಾನ 9ರಲ್ಲಿ ಬೇರೆ ರೀತಿ ಕೇಳುತ್ತಾರೆ. ಹುಟ್ಟುಕುರುಡನನ್ನು ನೋಡಿ ಇದು ಯಾರ ಪಾಪ, ಇವನದೋ ತಂದೆತಾಯಿಗಳದೋ ಎಂದು. ಯೇಸು ಎರಡನ್ನೂ ಅಲ್ಲಗಳೆಯುತ್ತಾನೆ, ನೆಲಕ್ಕೆ ಉಗುಳಿ ಕೆಸರು ಮಾಡಿ ಕಣ್ಣಿಗೆ ಹಚ್ಚುತ್ತಾನೆ. ಸಿಲೋವದ ಗೋಪುರ ಬಿದ್ದು 18 ಮಂದಿ ಸತ್ತ ಸಂಗತಿಯಲ್ಲೂ ಅಷ್ಟೇ, ಸತ್ತವರು ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದನು. ನಿಮ್ಮ ಸ್ವಭಾವದ ಕೊರತೆಯಿಂದ ಅತ್ತೆ ಮಲಗಿದರು ಎಂಬ ಮಾತಿಗೆ ಸುವಾರ್ತೆಯಲ್ಲಿ ಎಡೆಯಿಲ್ಲ.

ಶಂಕರಪುರ ಮಲ್ಲಿಗೆ (ಸೋಮವಾರ, ಬೆಳಿಗ್ಗೆ 11:05)

ಮಗಾ ಎಂದು ಕರೆಯುವಷ್ಟು ಚಿಕ್ಕವಳಿರಬಹುದು ನೀನು, ತಂಗಿ ಎನ್ನುತ್ತೇನೆ. ಹೂವು ಕಟ್ಟಿ ಕಳುಹಿಸಿ ಈಗ ಕುಳಿತೆ.

ನಾನು ಎಂಟು ವರ್ಷ ನನ್ನ ಗಂಡನನ್ನು ಹಾಸಿಗೆಯಲ್ಲಿ ನೋಡಿಕೊಂಡವಳು. ಕೂಗಾಡದ ದಿನ ಇರಲಿಲ್ಲ ಎಂದರೂ ತಪ್ಪಲ್ಲ. ಪಾಪನಿವೇದನೆಗೆ ಹೋದಾಗಲೆಲ್ಲ ಅದೇ ಪಾಪ. ಒಮ್ಮೆ ಪಾದ್ರಿಯವರು ಕೇಳಿದರು, "ಕೂಗಾಡಿದ ಮೇಲೆ ಏನು ಮಾಡಿದೆ ಬಾಯಿ?" ಇನ್ನೇನು, ಬಟ್ಟೆ ಬದಲಿಸಿದೆ, ಮತ್ತೆ ಗಂಜಿ ಮಾಡಿದೆ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

ನಮ್ಮಲ್ಲಿ ಒಂದು ಚೆಂಡು ಮಲ್ಲಿಗೆ ಎಂದರೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆ ನಾರಿನಲ್ಲಿ ಕಟ್ಟುತ್ತಾ ಕುಳಿತಾಗ ಅಟ್ಟೆಯನ್ನು ನೆನೆಸಿದರೆ ಕೈ ಸೋಲುತ್ತದೆ. ಈಗ ಬೆರಳಲ್ಲಿರುವ ಹೂವನ್ನು ಕಟ್ಟಬೇಕು, ಅಷ್ಟೇ. ನೀನು ಹನ್ನೊಂದು ತಿಂಗಳನ್ನು ಒಟ್ಟಿಗೆ ಎತ್ತಿ ನೋಡುತ್ತಿದ್ದೀ. ಈ ಎರಡು ಗಂಟೆಯನ್ನು ನೋಡು.

ಉದ್ಯಾವರದ ಸೊಸೆ (ಸೋಮವಾರ, ಮಧ್ಯಾಹ್ನ 2:14)

ಅಕ್ಕ, ಓದಿ ಅತ್ತುಬಿಟ್ಟೆ. ನಾನೂ ಗಂಜಿಯನ್ನು ಮತ್ತೆ ಮಾಡಿದ್ದೆ.

ಕಂಕನಾಡಿ ಫಿಸಿಯೊ (ಸೋಮವಾರ, ಮಧ್ಯಾಹ್ನ 3:02)

ವೇದಾಂತಕ್ಕೆ ಬರುವ ಮೊದಲು ಗಂಜಿಯ ವಿಷಯ ಹೇಳಿಬಿಡುತ್ತೇನೆ. ಅತ್ತೆಯವರು ಬಟ್ಟಲು ತಳ್ಳಿದ್ದು ಕೋಪದಿಂದಲೇ ಆಗಿರಬೇಕಿಲ್ಲ. ಪಾರ್ಶ್ವವಾಯುವಿನ ಬಳಿಕ ಹಲವರಿಗೆ ನುಂಗುವುದು ಕಷ್ಟವಾಗುತ್ತದೆ, ನೀರಾದ ಗಂಜಿ ಶ್ವಾಸನಾಳಕ್ಕೆ ಇಳಿಯುತ್ತದೆಂದು ಭಯಪಡುತ್ತಾರೆ. ಮಾತಿಲ್ಲದವರು ಅದನ್ನು ಕೈಯಲ್ಲೇ ಹೇಳಬೇಕು. ಮಲಗಿಸಿ ಉಣ್ಣಿಸಬೇಡಿ. ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗಿರಲಿ, ಗಂಜಿ ದಪ್ಪವಿರಲಿ, ಚಿಕ್ಕ ಚಮಚ ಸಾಕು. ಉಂಡ ಮೇಲೂ ಅರ್ಧ ಗಂಟೆ ಕೂರಿಸಿಯೇ ಇಡಿ. ಕೆಮ್ಮು ಬರುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಒಂದು ಪ್ರಶ್ನೆ: ಅತ್ತೆ ಮೊದಲು ಹಾಡುತ್ತಿದ್ದರೇ?

ಉದ್ಯಾವರದ ಸೊಸೆ (ಸೋಮವಾರ, ಮಧ್ಯಾಹ್ನ 3:20)

ಸಭೆಯ ಗಾಯನ ತಂಡದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಡಿದವರು. ಯಾಕೆ ಕೇಳಿದಿರಿ?

ಕಂಕನಾಡಿ ಫಿಸಿಯೊ (ಸೋಮವಾರ, ಮಧ್ಯಾಹ್ನ 3:41)

ಬಲಭಾಗ ಸೋತು ಮಾತೂ ಹೋಗಿದೆ ಎಂದರೆ ಪೆಟ್ಟು ಬಿದ್ದದ್ದು ಮೆದುಳಿನ ಎಡಭಾಗಕ್ಕೆ. ಹೆಚ್ಚಿನವರಲ್ಲಿ ಮಾತಿನ ನೆಲೆ ಅಲ್ಲಿಯೇ. ರಾಗಕ್ಕೆ ಬಲಭಾಗವೂ ದುಡಿಯುತ್ತದೆ. ಹಾಗಾಗಿ ಒಂದು ಪದ ಆಡಲಾಗದ ಕೆಲವರು ಬಾಯಿಪಾಠವಾದ ಹಾಡನ್ನೋ ಪ್ರಾರ್ಥನೆಯನ್ನೋ ಪದಗಳ ಸಮೇತ ಹೇಳುವುದುಂಟು. ಎಲ್ಲರಿಗೂ ಆಗುವುದಿಲ್ಲ. ನೀವು ಎದುರು ಕುಳಿತು ನಿಧಾನವಾಗಿ ಹಾಡಿ ನೋಡಿ, ಒತ್ತಾಯ ಬೇಡ.

ಮಿಲಾಗ್ರಿಸ್ ಓಣಿ (ಸೋಮವಾರ, ಸಂಜೆ 6:30)

ಕಷ್ಟ ವಿಶ್ವಾಸವನ್ನು ಗಟ್ಟಿ ಮಾಡುತ್ತದೆ ಎಂಬುದಕ್ಕೆ ನಮ್ಮ ಊರಿನ ಚರಿತ್ರೆಯೇ ಸಾಕ್ಷಿ. ನಮ್ಮ ಕಥೊಲಿಕ ಹಿರಿಯರು 1784ರ ಬೂದಿ ಬುಧವಾರದಂದು ಟಿಪ್ಪುವಿನ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. 1799ರ ತನಕ ಹದಿನೈದು ವರ್ಷ. ಹಿಂತಿರುಗಿದವರು ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಸೆರೆವಾಸವೇ ನಮ್ಮನ್ನು ಒಂದು ಜನಾಂಗವಾಗಿ ಉಳಿಸಿತು ಎಂದು ನನ್ನ ಅಜ್ಜಿ ಹೇಳುತ್ತಿದ್ದರು.

ಕಲ್ಯಾಣಪುರದವ (ಸೋಮವಾರ, ಸಂಜೆ 6:44)

ಅದು ಹಿಂತಿರುಗಿದವರ ಮಾತು. ಘಾಟಿಯ ದಾರಿಯಲ್ಲಿ, ಸೆರೆಯಲ್ಲಿ ಸತ್ತವರ ಗುಣ ರೂಪಿಸುವ ಕೆಲಸ ಏನಾಯಿತು? ಅವರ ಮಕ್ಕಳು ಯಾರ ಪಾಠಕ್ಕಾಗಿ ಸತ್ತರು?

ಮಿಲಾಗ್ರಿಸ್ ಓಣಿ (ಸೋಮವಾರ, ರಾತ್ರಿ 8:15)

ಉತ್ತರ ಹುಡುಕಿದೆ, ಸಿಗಲಿಲ್ಲ. ಅಜ್ಜಿಯ ಮಾತು ಅಜ್ಜಿಗೆ ಸತ್ಯವಾಗಿತ್ತು, ಅಷ್ಟನ್ನು ಬಲ್ಲೆ.

ಬಲ್ಮಠ ಗುಡ್ಡೆ (ಸೋಮವಾರ, ರಾತ್ರಿ 9:00)

ಅಜ್ಜಿಗೆ ಸತ್ಯವಾಗಿತ್ತು ಎಂದಿರಲ್ಲ, ನನ್ನ ಮಟ್ಟಿಗೆ ಇಡೀ ಚರ್ಚೆಯ ಕೀಲಿ ಅದು. 119ನೇ ಕೀರ್ತನೆಯಲ್ಲಿ ಕಷ್ಟಪಟ್ಟದ್ದು ಹಿತವಾಯಿತು ಎಂದು ಹೇಳುವವನು "ನನಗೆ" ಹಿತವಾಯಿತು ಎನ್ನುತ್ತಾನೆ, "ನಿನಗೆ" ಎನ್ನುವುದಿಲ್ಲ. ಯೋಸೇಫನನ್ನೂ ನೋಡಿ. ಅಣ್ಣಂದಿರು ಮಾರಿದಾಗ ಅವನಿಗೆ 17 ವರ್ಷ. ಫರೋಹನ ಮುಂದೆ ನಿಂತಾಗ 30. ಸುಭಿಕ್ಷದ ಏಳು ವರ್ಷ, ಬರಗಾಲದ ಎರಡು ವರ್ಷ ಕಳೆದು ಸುಮಾರು 39ನೆಯ ವಯಸ್ಸಿನಲ್ಲಿ ಅವನು ಅಣ್ಣಂದಿರಿಗೆ, ನನ್ನನ್ನು ಇಲ್ಲಿಗೆ ಕಳುಹಿಸಿದವನು ದೇವರು ಎನ್ನುತ್ತಾನೆ. ಇಪ್ಪತ್ತೆರಡು ವರ್ಷ ಹಿಡಿಯಿತು. ಅದೂ ಹೊರಗಿನವರಿಗೆ ಕೇಳುವಷ್ಟು ಗಟ್ಟಿಯಾಗಿ ಅತ್ತು ಹೇಳಿದ ಮಾತು. ಆ ಮಾತನ್ನು ಸೆರೆಮನೆಯ ಕಾವಲುಗಾರ ಮೊದಲ ವರ್ಷವೇ ಅವನಿಗೆ ಹೇಳಿದ್ದರೆ ಅದು ಕ್ರೌರ್ಯವಾಗುತ್ತಿತ್ತು.

ಸತ್ತವರ ಬಗ್ಗೆ: ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕಾಗಿಯೇ ಆಗುತ್ತದೆ ಎಂಬ ರೋಮ 8:28ನ್ನು ಎಲ್ಲರೂ ಹೇಳುತ್ತೇವೆ, 29ನ್ನು ಬಿಡುತ್ತೇವೆ. ಅಲ್ಲಿ ಹೇಳುವ ಒಳ್ಳೆಯದು ಕೆಲಸ, ಹಣ, ಆರೋಗ್ಯವಲ್ಲ, ಮಗನಾದ ಕ್ರಿಸ್ತನ ಹೋಲಿಕೆಗೆ ಬರುವುದು. ಪುನರುತ್ಥಾನವನ್ನು ನಂಬುವವರಿಗೆ ಆ ಕೆಲಸ ಸಮಾಧಿಯ ಬಾಯಿಯಲ್ಲಿ ನಿಲ್ಲುವುದಿಲ್ಲ. ಅದರಾಚೆಗೆ ನನ್ನ ಕಣ್ಣಿಗೂ ಕಾಣುವುದಿಲ್ಲ.

ಕಾರ್ಕಳ ದುಬೈ (ಸೋಮವಾರ, ರಾತ್ರಿ 9:40)

ಬೆಳ್ಳಿ ಶೋಧಿಸುವವನ ಕಥೆ ಯಾರೂ ಹೇಳಲಿಲ್ಲವಲ್ಲ! ಮಲಾಕಿಯ 3:3. ಕರಗಿದ ಬೆಳ್ಳಿಯಲ್ಲಿ ತನ್ನ ಮುಖ ಕಾಣುವ ತನಕ ಅಕ್ಕಸಾಲಿಗ ಉರಿ ನಿಲ್ಲಿಸುವುದಿಲ್ಲ.

ಬಲ್ಮಠ ಗುಡ್ಡೆ (ಸೋಮವಾರ, ರಾತ್ರಿ 9:52)

ಮುಖ ಕಾಣುವ ಸಂಗತಿ ಬೋಧಕರು ಸೇರಿಸಿದ್ದು, ವಚನದಲ್ಲಿಲ್ಲ. ವಚನದಲ್ಲಿ ಇರುವುದು "ಕುಳಿತುಕೊಳ್ಳುವನು" ಎಂಬ ಕ್ರಿಯಾಪದ. ನನಗೆ ಅದೇ ದೊಡ್ಡದು. ಅವನು ಎದ್ದುಹೋಗುವುದಿಲ್ಲ.

ಹಳೆಯ ಮಾಸ್ತರ್ (ಸೋಮವಾರ, ರಾತ್ರಿ 10:15)

ಇಡೀ ದಿನ ಯೋಚಿಸಿದೆ. ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದ ಒಂದು ಪದದ ಬಗ್ಗೆ ಹೇಳುತ್ತೇನೆ. ಕರ್ತನು ತಾನು ಪ್ರೀತಿಸುವವರನ್ನು ಶಿಕ್ಷಿಸುತ್ತಾನೆ ಎಂದು ನಮ್ಮ ಕನ್ನಡ ಬೈಬಲಿನಲ್ಲಿದೆ. ಇಂದು ಶಿಕ್ಷೆ ಎಂದರೆ ನಮಗೆ ಕೇಳಿಸುವುದು ಬೆತ್ತ, ದಂಡ, ಜೈಲು. ಆದರೆ ಶಿಕ್ಷಣ, ಶಿಕ್ಷಕ ಎಲ್ಲವೂ ಅದೇ ಬೇರಿನವು. ಮೂಲದ ಗ್ರೀಕ್ ಪದವಾದ ಪೈದೆಯಕ್ಕೂ ಮಗುವನ್ನು ಬೆಳೆಸುವುದು, ಕಲಿಸುವುದು ಎಂಬ ಅರ್ಥವಿದೆ. ಅರ್ಥ ಕಿರಿದಾಗುತ್ತಾ ಬಂದು ನಮ್ಮ ಕಣ್ಣಿಗೆ ದೇವರು ಬೆತ್ತ ಹಿಡಿದ ಮಾಸ್ತರನಾಗಿ ಉಳಿದಿದ್ದಾನೆ. ಮೂವತ್ತಾರು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ: ಒಬ್ಬ ಹುಡುಗನಿಗೆ ಬುದ್ಧಿ ಬರಲಿ ಎಂದು ಪಕ್ಕದ ಹುಡುಗನಿಗೆ ಹೊಡೆಯುವವನು ಶಿಕ್ಷಕನೇ ಅಲ್ಲ. ಆ ಹಿರಿಯರ ಮಾತನ್ನು ಒಪ್ಪುವುದಿಲ್ಲ. ಆದರೂ ಎಲ್ಲವೂ ತಂದೆಯ ಕೈಯಲ್ಲಿದೆ ಎಂಬುದನ್ನು ಬಿಡಲಾರೆ.

ಕಲ್ಯಾಣಪುರದವ (ಸೋಮವಾರ, ರಾತ್ರಿ 10:31)

ತಂದೆಯ ಕೈಯಲ್ಲಿದೆ ಎಂಬುದಕ್ಕೂ ತಂದೆ ಮಾಡಿದ ಎಂಬುದಕ್ಕೂ ಅಂತರವಿದೆ ಮಾಸ್ತರರೇ. ಕ್ರಿಸ್ತನನ್ನು ಶಿಲುಬೆಗೆ ಹೊಡೆದ ಮೊಳೆ ಮನುಷ್ಯರದು. ಮೂರನೆಯ ದಿನದ ಕೆಲಸ ದೇವರದು.

ಹಳೆಯ ಮಾಸ್ತರ್ (ಸೋಮವಾರ, ರಾತ್ರಿ 10:38)

ಅಪೊಸ್ತಲರ ಕೃತ್ಯಗಳು 2:23 ಓದಿ. ದೇವರ ಸ್ಥಿರಸಂಕಲ್ಪ ಎಂಬುದೂ ಅದೇ ವಾಕ್ಯದಲ್ಲಿದೆ. ಇದು ಇಂದು ಮುಗಿಯುವ ವಾದವಲ್ಲ.

ಜೆಪ್ಪಿನ ಹಂಚು (ಮಂಗಳವಾರ, ಬೆಳಿಗ್ಗೆ 8:20)

ನಾನು ಹಂಚಿನ ಕಾರ್ಖಾನೆಯಲ್ಲಿ 31 ವರ್ಷ ದುಡಿದವನು, ಹೆಚ್ಚು ಓದಿದವನಲ್ಲ. ಕುಂಬಾರ, ಮಣ್ಣು ಎಂದು ಎಲ್ಲರೂ ಬೋಧಿಸುತ್ತಾರೆ, ಭಟ್ಟಿಯ ಬಳಿ ನಿಂತವರು ಕಡಿಮೆ.

ನದಿ ಬದಿಯ ಜೇಡಿಮಣ್ಣನ್ನು ಹದ ಮಾಡಿ ಅಚ್ಚಿಗೆ ಒತ್ತುತ್ತೇವೆ. ಅಚ್ಚಿನಿಂದ ತೆಗೆದ ಹಸಿ ಹಂಚನ್ನು ಯಾರೂ ನೇರ ಬೆಂಕಿಗೆ ಹಾಕುವುದಿಲ್ಲ. ನೆರಳಿನಲ್ಲಿ, ಗಾಳಿಯಾಡುವ ಅಟ್ಟಣಿಗೆಯಲ್ಲಿ ದಿನಗಟ್ಟಲೆ ಒಣಗಬೇಕು. ಒಳಗೆ ಪಸೆ ಉಳಿದರೆ ಭಟ್ಟಿಯಲ್ಲಿ ಸಿಡಿದು ಅಕ್ಕಪಕ್ಕದವನ್ನೂ ಒಡೆಯುತ್ತದೆ. ಅಲ್ಲಿ ಒಂದು ಹಂಚನ್ನು ಸುಟ್ಟು ಇನ್ನೊಂದನ್ನು ಗಟ್ಟಿ ಮಾಡುವ ಕ್ರಮವಿಲ್ಲ. ಪ್ರತಿಯೊಂದೂ ತಾನೇ ಬೇಯಬೇಕು. ಅತ್ತೆಗೂ ದೇವರಿಗೂ ನಡುವೆ ನಡೆಯುತ್ತಿರುವುದು ಅತ್ತೆಯದು. ಅವರೂ ಕಲಿಯುತ್ತಿರಬಹುದಲ್ಲವೇ? ಇಡೀ ಮನೆ ನಡೆಸಿದ ಹೆಂಗಸು ಸೊಸೆಯ ಕೈಯಿಂದ ಉಣ್ಣುವುದನ್ನು ಕಲಿಯುವುದು ಸಣ್ಣ ಮಾತೇ? ಆ ಕಡೆಯಿಂದ ಯಾರೂ ನೋಡಲಿಲ್ಲ.

ಬೆಂದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇವೆ. ಬೆಂದಿದ್ದರೆ ಠಣ್ ಎನ್ನುತ್ತದೆ, ಇಲ್ಲದಿದ್ದರೆ ಸದ್ದು ಮಂಕು. ಹಂಚಿಗೆ ತನ್ನ ಸದ್ದು ತಿಳಿಯುವುದಿಲ್ಲ, ತಟ್ಟಿದವನಿಗೆ ತಿಳಿಯುತ್ತದೆ. ನಿಮ್ಮ ಗುಣ ಕೆಟ್ಟಿದೆ ಎಂದು ನೀವೇ ತೀರ್ಪು ಕೊಡಬೇಡಿ.

ಕಾರ್ಕಳ ದುಬೈ (ಮಂಗಳವಾರ, ಬೆಳಿಗ್ಗೆ 9:15)

ಜೆಪ್ಪಿನ ಹಂಚಿನ ಕಾರ್ಖಾನೆ 1834ರದ್ದಲ್ಲವೇ? ನನ್ನ ಮುತ್ತಜ್ಜ ಅಲ್ಲಿದ್ದರು.

ಬಲ್ಮಠ ಗುಡ್ಡೆ (ಮಂಗಳವಾರ, ಬೆಳಿಗ್ಗೆ 9:50)

ಅಲ್ಲ. 1834 ಎಂದರೆ ಆ ಕಾರ್ಖಾನೆಯನ್ನು ಕಟ್ಟಿದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂದ ವರ್ಷ, ಹಂಚಿನ ಕಾರ್ಖಾನೆ 1865ರದ್ದು. ಕ್ರೈಸ್ತರಾದವರು ಮನೆ, ಜಮೀನು, ಕುಲಕಸುಬು ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಅನ್ನದ ದಾರಿಯಾಗಬೇಕೆಂದೇ ನೇಯ್ಗೆ, ಹಂಚು ಇವೆಲ್ಲ ಆರಂಭವಾದವು. ಕಷ್ಟ ನಿಮ್ಮನ್ನು ರೂಪಿಸುತ್ತದೆ ಎಂದು ಬೋಧಿಸಿ ಅಷ್ಟಕ್ಕೇ ಬಿಡಲಿಲ್ಲ.

ಮಿಲಾಗ್ರಿಸ್ ಓಣಿ (ಮಂಗಳವಾರ, ಬೆಳಿಗ್ಗೆ 10:05)

ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಶುರುಮಾಡಿದ್ದೂ, ಆಮೇಲೆ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ದೂ ಹಾಗೆಯೇ.

ವೇದಿಕೆ ನಿರ್ವಾಹಕ (ಮಂಗಳವಾರ, ಬೆಳಿಗ್ಗೆ 10:30)

ಮಿಷನ್ ಚರಿತ್ರೆಗೆ ಬೇರೆ ಎಳೆ ತೆರೆದಿದ್ದೇನೆ. ಇಲ್ಲಿ ಸಹೋದರಿಯ ವಿಷಯ ಮುಂದುವರಿಯಲಿ.

ಉದ್ಯಾವರದ ಸೊಸೆ (ಗುರುವಾರ, ರಾತ್ರಿ 11:25)

ಎರಡು ದಿನ ಬರೆಯಲಾಗಲಿಲ್ಲ.

ಮಂಗಳವಾರ ಸಂಜೆ ಅತ್ತೆಯನ್ನು ದಿಂಬು ಕೊಟ್ಟು ಕೂರಿಸಿದೆ. ಗಂಜಿ ದಪ್ಪವಾಗಿ ಮಾಡಿದ್ದೆ, ಬಟ್ಟಲು ತಳ್ಳಲಿಲ್ಲ. ಆಮೇಲೆ ಎದುರು ಕುಳಿತು ಅವರು ಸಭೆಯಲ್ಲಿ ಹಾಡುತ್ತಿದ್ದ 23ನೇ ಕೀರ್ತನೆಯ ರಾಗವನ್ನು ಎತ್ತಿಕೊಂಡೆ. ನನಗೆ ಶ್ರುತಿ ಚೆನ್ನಾಗಿಲ್ಲ. ಮೊದಲ ಸಾಲು ಮುಗಿಯಿತು, ಏನೂ ಆಗಲಿಲ್ಲ. ಎರಡನೆಯ ಸಲ ಹಾಡಿದಾಗ ತುಟಿ ಅಲುಗಿತು. ಬುಧವಾರವೂ ಅಷ್ಟೇ. ಇಂದು ನಾನು ಒಂದು ಕಡೆ ತಪ್ಪು ಹಾಡಿದೆ. ಅತ್ತೆ ಎಡಗೈಯಿಂದ ನನ್ನ ಮೊಣಕೈ ಹಿಡಿದು ನಿಲ್ಲಿಸಿ, ಆ ಸಾಲನ್ನು ಸರಿಯಾಗಿ ಹಾಡಿದರು. "ಕುರುಬನು" ಎಂಬ ಪದ ಸ್ಪಷ್ಟವಾಗಿ ಬಂತು. ಹನ್ನೊಂದು ತಿಂಗಳ ನಂತರ ನಾನು ಕೇಳಿದ ಅವರ ಮೊದಲ ಮಾತು ನನ್ನನ್ನು ತಿದ್ದಿದ ಮಾತು.

ಅವರ ಕಾಲ ಬಳಿ ಕುಳಿತು ಶುಕ್ರವಾರದ ಮಾತಿಗೆ ಕ್ಷಮೆ ಕೇಳಿದೆ. ಅವರು ತಲೆ ಸವರಿದರು, ಅರ್ಥವಾಯಿತೋ ಇಲ್ಲವೋ.

ಅವರನ್ನು ನನಗಾಗಿ ಮಲಗಿಸಿದ ಎಂದು ಈಗಲೂ ನಂಬುವುದಿಲ್ಲ. ಯಾಕೆ ಹೀಗಾಯಿತು ಎಂಬುದೂ ತಿಳಿದಿಲ್ಲ. ಇಂದು ರಾತ್ರಿ ಪ್ರಾರ್ಥಿಸಿದೆ. ತನ್ನ ನೋವನ್ನು ಶರೀರದಲ್ಲಿ ನಾಟಿದ ಮುಳ್ಳು ಎಂದು ಕರೆದ ಪೌಲನಂತೆ ನಾನೂ, ಈ ಮುಳ್ಳನ್ನು ತೆಗೆ ಎಂದೇ ಕೇಳಿದೆ. ಅವನು ಮೂರು ಸಲ ಕೇಳಿದ್ದನಲ್ಲ, ನಾನು ಇನ್ನೂ ಕೇಳುತ್ತೇನೆ.

ಮಲ್ಪೆ ಬಂದರು (ಶುಕ್ರವಾರ, ಬೆಳಿಗ್ಗೆ 4:55)

ದೋಣಿಯಲ್ಲಿದ್ದೇನೆ. ಓದಿದೆ. ದೇವರಿಗೆ ಸ್ತೋತ್ರ.

ಕಂಕನಾಡಿ ಫಿಸಿಯೊ (ಶುಕ್ರವಾರ, ಬೆಳಿಗ್ಗೆ 8:10)

ದಿನಕ್ಕೆ ಎರಡು ಸಲ, ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ದಣಿಯುತ್ತಾರೆ. ಮಾತಿನ ಚಿಕಿತ್ಸಕರಿಗೆ ಇದನ್ನು ತಪ್ಪದೆ ಹೇಳಿ. ಗಾಳಿ ತುಂಬುವ ಹಾಸಿಗೆ ಬಾಡಿಗೆಗೂ ಸಿಗುತ್ತದೆ, ಬೆನ್ನಿಗೆ ಒಳ್ಳೆಯದು. ಅದಿದ್ದರೂ ಮಗ್ಗುಲು ಬದಲಿಸುವುದನ್ನು ಬಿಡಬಾರದು.

ಶಂಕರಪುರ ಮಲ್ಲಿಗೆ (ಶುಕ್ರವಾರ, ಬೆಳಿಗ್ಗೆ 11:20)

ತಂಗಿ, ನಾಳೆ ಹೂವು ಕಳುಹಿಸಿದ ಮೇಲೆ ಕಟಪಾಡಿಯಲ್ಲಿ ಬಸ್ ಬದಲಿಸಿ ಬರುತ್ತೇನೆ. ಮನೆಯ ಗುರುತನ್ನು ಖಾಸಗಿ ಸಂದೇಶದಲ್ಲಿ ಕಳುಹಿಸು. ಎರಡು ಗಂಟೆಯಿಂದ ಆರರ ತನಕ ಮಗ್ಗುಲು ನಾನು ಬದಲಿಸುತ್ತೇನೆ. ನೀನು ಅಲಾರಾಂ ಇಡದೆ ಮಲಗು.